ಸಸ್ಯಜನ್ಯ ಬಣ್ಣಗಳಿಂದ ಬಟ್ಟೆಯ ಅಚ್ಚು ಮುದ್ರಣ: ತರಬೇತಿಗೆ ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಸಭೆಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳು ಮುಂದಿಡುವ ಬೇಡಿಕೆಗಳಲ್ಲಿ ಕೌಶಲ ತರಬೇತಿಗೆ ಸದಾ ಸ್ಥಾನವಿರುತ್ತದೆ. ಹೊಲಿಗೆ, ಹಪ್ಪಳ-ಸಂಡಿಗೆ ತಯಾರಿಕೆ, ಅಗರಬತ್ತಿ ಹೊಸೆಯುವುದು ಮೊದಲಾದ ಪರಿಚಿತ ಕಸುಬುಗಳ ಜೊತೆಗೆ, ಸಸ್ಯಗಳಿಂದ ಪಡೆದ ಬಣ್ಣಗಳನ್ನು ಬಳಸಿ ಬಟ್ಟೆಯ ಮೇಲೆ ಅಚ್ಚೊತ್ತುವ ಕಸುಬೂ ಈ ಪಟ್ಟಿಗೆ ಸೇರಲು ಯೋಗ್ಯವಾದುದೇ ಆಗಿದೆ. ಕಚ್ಚಾವಸ್ತುವಿನ ಬಹುಭಾಗ ಊರಿನ ಸುತ್ತಮುತ್ತಲೇ ದೊರೆಯುತ್ತದೆ. ವಿದ್ಯುತ್ ಯಂತ್ರಗಳ ಅಗತ್ಯವಿಲ್ಲ. ಮನೆಗೆಲಸದ ನಡುವೆ ಸಿಗುವ ಸಮಯದಲ್ಲಿ ಕೆಲಸವನ್ನು ಹಂತಹಂತವಾಗಿ ಮಾಡಬಹುದು. ಈ ಕಾರಣಗಳಿಂದ ಬೇಡಿಕೆ ಬಂದೊಡನೆ ನಿರ್ಣಯ ಬರೆಯುವುದು ಸುಲಭವೆನಿಸುತ್ತದೆ.

ಆದರೆ ಈ ಕಸುಬಿನಲ್ಲಿ ಅಚ್ಚೊತ್ತುವುದು ಕಷ್ಟದ ಭಾಗವಲ್ಲ. ಒತ್ತಿದ ಬಣ್ಣ ನಿಲ್ಲುವಂತೆ ಮಾಡುವುದು ಕಷ್ಟದ ಭಾಗ. ಸಂಘದ ಸಾಲದಿಂದ ಕೊಂಡ ನೂರು ಮೀಟರ್ ಬಟ್ಟೆ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟರೆ, ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಆ ನಷ್ಟವನ್ನು ಹೊರುವವರು ತರಬೇತಿ ನೀಡಿದವರಲ್ಲ, ನಿರ್ಣಯ ಬರೆದವರೂ ಅಲ್ಲ, ಸಂಘದ ಸದಸ್ಯೆಯರು. ಆದುದರಿಂದ ಕಸುಬಿನ ಮೂಲ ತತ್ವ, ಅದಕ್ಕೆ ಬೇಕಾದ ನೀರು ಮತ್ತು ಕಲಿಕೆಯ ಅವಧಿ ಇವುಗಳನ್ನು ಗ್ರಾಮ ಪಂಚಾಯತಿ ಸದಸ್ಯರು ಮುಂಚಿತವಾಗಿ ಅರಿತಿರುವುದು ಅವಶ್ಯಕ.

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಕಿರು ಅರಣ್ಯ ಉತ್ಪನ್ನ, ಖಾದಿ ಮತ್ತು ಗ್ರಾಮೀಣ ಹಾಗೂ ಗುಡಿ ಕೈಗಾರಿಕೆ, ತಾಂತ್ರಿಕ ತರಬೇತಿ ಹಾಗೂ ವೃತ್ತಿ ಶಿಕ್ಷಣ ಇವು ಮೂರೂ ಇವೆ. ಸಸ್ಯಜನ್ಯ ಬಣ್ಣದ ಮುದ್ರಣ ಈ ಮೂರಕ್ಕೂ ಸಂಬಂಧಿಸಿದ ವಿಷಯ.

1. ಬಣ್ಣ ಬಟ್ಟೆಗೆ ಅಂಟುವ ಬಗೆ

ಅರಿಶಿನದ ಕೈಯನ್ನು ಬಿಳಿಯ ಪಂಚೆಗೆ ಒರೆಸಿದರೆ ಕಲೆಯಾಗುತ್ತದೆ. ಆದರೆ ಬಿಸಿಲಿಗೆ ಹರವಿದರೆ ಕೆಲವೇ ದಿನಗಳಲ್ಲಿ ಮಾಸುತ್ತದೆ. ಅಡಿಕೆಯ ಚೊಗರು ಬಿದ್ದ ಬಟ್ಟೆಯ ಕಲೆ ಮಾತ್ರ ಎಷ್ಟು ಒಗೆದರೂ ಹೋಗುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸದಲ್ಲಿಯೇ ಈ ಕಸುಬಿನ ತಿರುಳು ಅಡಗಿದೆ. ಬಣ್ಣ ಕೊಡುವ ಸಸ್ಯಗಳು ನೂರಾರು. ಹತ್ತಿ ಬಟ್ಟೆಯ ಮೇಲೆ ಸೋಪು ಮತ್ತು ಬಿಸಿಲನ್ನು ತಾಳಿ ನಿಲ್ಲುವ ಬಣ್ಣ ಕೊಡುವವು ಕೆಲವೇ. ಅವುಗಳಲ್ಲೂ ಹೆಚ್ಚಿನವು ತಾವಾಗಿಯೇ ಹತ್ತಿಯ ಎಳೆಗೆ ಅಂಟುವುದಿಲ್ಲ. ಎಳೆಗೂ ಬಣ್ಣಕ್ಕೂ ನಡುವೆ ಕೊಂಡಿಯಾಗಿ ನಿಲ್ಲುವ ಇನ್ನೊಂದು ವಸ್ತು ಬೇಕು. ಇದನ್ನು ವರ್ಣಬಂಧಕ ಎನ್ನುತ್ತಾರೆ.

ಸುರಕ್ಷಿತವಾಗಿ ಬಳಸಬಹುದಾದ ಮುಖ್ಯ ವರ್ಣಬಂಧಕಗಳು ಎರಡು. ಒಂದು ಪಟಿಕ, ಅಂದರೆ ಕ್ಷೌರದಂಗಡಿಯಲ್ಲಿಯೂ ನೀರು ತಿಳಿಗೊಳಿಸುವಲ್ಲಿಯೂ ಬಳಕೆಯಲ್ಲಿರುವ ಬಿಳಿಯ ಹರಳು. ಇನ್ನೊಂದು ಕಬ್ಬಿಣ. ಕಬ್ಬಿಣದ ಅಂಶವನ್ನು ಅನ್ನಭೇದಿಯಿಂದ ಪಡೆಯಬಹುದು. ಇಲ್ಲವೇ ತುಕ್ಕು ಹಿಡಿದ ಮೊಳೆ, ಲಾಳದಂತಹ ಹಳೆಯ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ 15ರಿಂದ 20 ದಿನ ಹುಳಿಸಿ ಪಡೆಯಬಹುದು. ಹುಳಿಯುವಾಗ ಅನಿಲ ಹೊರಬರುವುದರಿಂದ ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು.

ಈ ಎರಡರ ಜೊತೆಗೆ ಒಗರು ಅಂಶವೂ ಬೇಕು. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಅಡಿಕೆಯ ಚೊಗರು ಇವುಗಳಲ್ಲಿರುವ ಒಗರು ಹತ್ತಿಯ ಎಳೆಗೆ ಚೆನ್ನಾಗಿ ಅಂಟಿಕೊಂಡು, ಪಟಿಕ ಮತ್ತು ಕಬ್ಬಿಣ ಕೂರಲು ನೆಲೆ ಒದಗಿಸುತ್ತದೆ. ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯವಾದುದರಿಂದ ಅವಕ್ಕೆ ಈ ಹಂತ ಅಷ್ಟು ಅನಿವಾರ್ಯವಲ್ಲ, ಹತ್ತಿಗೆ ಅನಿವಾರ್ಯ.

ಒಂದೇ ಬಣ್ಣದ ತೊಟ್ಟಿಯಿಂದ ಎರಡು ಮೂರು ಬಣ್ಣಗಳು ಮೂಡುವುದು ಈ ವಿಧಾನದ ವಿಶೇಷ. ಅಚ್ಚಿನಿಂದ ಬಟ್ಟೆಯ ಮೇಲೆ ಒತ್ತುವುದು ಬಣ್ಣವನ್ನಲ್ಲ, ವರ್ಣಬಂಧಕವನ್ನು. ಪಟಿಕ ಒತ್ತಿದ ಭಾಗ ಮೊದಲು ಕಣ್ಣಿಗೆ ಕಾಣುವುದೇ ಇಲ್ಲ. ಬಟ್ಟೆಯನ್ನು ಮಂಜಿಷ್ಠದ ಬೇರಿನ ಕಷಾಯದಲ್ಲಿ ಕಾಯಿಸಿದಾಗ ಆ ಭಾಗ ಕೆಂಪಾಗುತ್ತದೆ. ಕಬ್ಬಿಣ ಒತ್ತಿದ ಭಾಗ ಅಳಲೆಕಾಯಿಯ ಒಗರಿನೊಂದಿಗೆ ಸೇರಿ ಆಗಲೇ ಕಪ್ಪಾಗುತ್ತದೆ. ಎರಡನ್ನೂ ಬೆರೆಸಿ ಒತ್ತಿದರೆ ಕಂದು ನೇರಳೆಯ ಛಾಯೆಗಳು ದೊರೆಯುತ್ತವೆ. ಏನನ್ನೂ ಒತ್ತದ ಭಾಗ ಹೆಚ್ಚಿನ ಬಣ್ಣ ಹಿಡಿಯದೆ, ತೊಳೆದು ಬಿಸಿಲಿಗೆ ಹಾಕಿದಾಗ ತಿಳಿಯಾಗುತ್ತದೆ. ರಾಜಸ್ಥಾನದ ಬಗರು, ಗುಜರಾತಿನ ಕಛ್ ಪ್ರದೇಶದ ಅಜ್ರಖ್, ಆಂಧ್ರಪ್ರದೇಶದ ಮಚಲಿಪಟ್ಟಣ ಬಳಿಯ ಪೆಡನದ ಕಲಂಕಾರಿ ಈ ಮೂರರ ಕೆಂಪು ಮತ್ತು ಕಪ್ಪು ಇದೇ ತತ್ವದ ಮೇಲೆ ನಿಂತಿವೆ. ಮೊಹೆಂಜೊದಾರೊದಲ್ಲಿ ದೊರೆತ ಹತ್ತಿ ಬಟ್ಟೆಯ ತುಣುಕು ಮಂಜಿಷ್ಠದ ಜಾತಿಯ ಬೇರಿನಿಂದ ಬಣ್ಣ ಪಡೆದುದಾಗಿತ್ತು ಎಂಬುದು ಈ ಜ್ಞಾನದ ಹಳಮೆಯನ್ನು ತೋರಿಸುತ್ತದೆ.

2. ಕೆಲಸದ ಕ್ರಮ

ಸದಸ್ಯರು ತರಬೇತಿಯ ಪಠ್ಯಕ್ರಮವನ್ನು ಪರಿಶೀಲಿಸುವಾಗ ಕೆಳಗಿನ ಹಂತಗಳೆಲ್ಲವೂ ಅದರಲ್ಲಿವೆಯೇ ಎಂಬುದನ್ನು ನೋಡಬಹುದು. ಅಳತೆಗಳು 1 ಕಿಲೋ ಒಣ ಹತ್ತಿ ಬಟ್ಟೆಗೆ ಸಂಬಂಧಿಸಿದವು. ಮಧ್ಯಮ ದಪ್ಪದ, 110 ಸೆಂಟಿಮೀಟರ್ ಪನ್ನದ ಬಟ್ಟೆಯಾದರೆ ಇದು ಸುಮಾರು 8 ಮೀಟರ್ ಆಗುತ್ತದೆ.

ಮೊದಲನೆಯದು, ಗಂಜಿ ತೆಗೆಯುವುದು. ಮಗ್ಗದಿಂದ ಬಂದ ಬಟ್ಟೆಯಲ್ಲಿ ಗಂಜಿ ಮತ್ತು ಜಿಡ್ಡು ಇರುತ್ತದೆ. ರಾತ್ರಿ ನೆನೆಸಿ, ಸೋಪು ಮತ್ತು 20ರಿಂದ 50 ಗ್ರಾಂ ವಾಷಿಂಗ್ ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಾಡಬೇಕು. ಒಣಗಿದ ಬಟ್ಟೆಯ ಮೇಲೆ ಹಾಕಿದ ನೀರಿನ ಹನಿ ಮುತ್ತಿನಂತೆ ನಿಲ್ಲದೆ ಒಡನೆ ಇಂಗಿದರೆ ಈ ಹಂತ ಸರಿಯಾಗಿದೆ ಎಂದರ್ಥ. ಮುಂದೆ ಬಣ್ಣ ಮಚ್ಚೆಮಚ್ಚೆಯಾಗಲು ಬಹುಪಾಲು ಕಾರಣ ಇಲ್ಲಿಯ ಅವಸರವೇ.

ಎರಡನೆಯದು, ಅಳಲೆಕಾಯಿಯ ನೀರು. ಬೀಜ ತೆಗೆದು ಕುಟ್ಟಿದ ಅಳಲೆಕಾಯಿಯ ಪುಡಿ 150ರಿಂದ 200 ಗ್ರಾಂ ತೆಗೆದುಕೊಂಡು, ರಾತ್ರಿ ನೆನೆಸಿ ಸೋಸಿದ ನೀರಿನಲ್ಲಿ ಬಟ್ಟೆಯನ್ನು ಸಮವಾಗಿ ಅದ್ದಿ ಹಿಂಡಿ, ತೊಳೆಯದೆ ಬಿಸಿಲಿನಲ್ಲಿ ಒಣಗಿಸಬೇಕು. ಬಟ್ಟೆ ನಸುಹಳದಿಯಾಗುತ್ತದೆ.

ಮೂರನೆಯದು, ಅಚ್ಚಿನ ಅಂಟು. 1 ಲೀಟರ್ ನೀರಿಗೆ 50ರಿಂದ 100 ಗ್ರಾಂ ಪಟಿಕ ಕರಗಿಸಿ, ಗೋಂದು ಅಥವಾ ಹುಣಸೆ ಬೀಜದ ಪುಡಿಯಿಂದ ಗಟ್ಟಿಗೊಳಿಸಬೇಕು. ಪಟಿಕ ಬಣ್ಣರಹಿತವಾದುದರಿಂದ ಒತ್ತಿದ್ದು ಕಾಣಲೆಂದು ಚಿಟಿಕೆ ಕೆಮ್ಮಣ್ಣು ಸೇರಿಸುತ್ತಾರೆ. ಹುಳಿಸಿದ ಕಬ್ಬಿಣದ ನೀರನ್ನು ಸೋಸಿ ಹುಣಸೆ ಬೀಜದ ಪುಡಿಯೊಂದಿಗೆ ಕಾಯಿಸಿದರೆ ಕಪ್ಪಿನ ಅಂಟು ಸಿದ್ಧ. ಕಬ್ಬಿಣ ಅತಿಯಾದರೆ ಬಟ್ಟೆಯ ಎಳೆಯೇ ಕಾಲಕ್ರಮದಲ್ಲಿ ಜೀರ್ಣವಾಗುತ್ತದೆ. ಆದುದರಿಂದ ಅಳತೆಯಿಲ್ಲದ ಕೈಬರಿ ಸಲ್ಲದು.

ನಾಲ್ಕನೆಯದು, ಅಚ್ಚೊತ್ತುವುದು. ಗೋಣಿ ಮತ್ತು ಹಳೆಯ ಬಟ್ಟೆಯ ಪದರ ಹಾಸಿದ ಮೇಜಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಹರವಿ, ಎಣ್ಣೆಯಲ್ಲಿ ನೆನೆಸಿ ಹದಗೊಳಿಸಿದ ತೇಗ ಮುಂತಾದ ಗಟ್ಟಿ ಮರದ ಅಚ್ಚಿನಿಂದ ಒತ್ತಬೇಕು. ಒತ್ತಿದ ಬಟ್ಟೆಯನ್ನು ಕನಿಷ್ಠ ಎರಡು ಮೂರು ದಿನ ಒಣಗಲು ಬಿಡಬೇಕು. ವರ್ಣಬಂಧಕ ಎಳೆಯೊಳಗೆ ನೆಲೆಗೊಳ್ಳುವುದು ಈ ಅವಧಿಯಲ್ಲಿ.

ಐದನೆಯದು, ಹರಿಯುವ ನೀರಿನಲ್ಲಿ ತೊಳೆಯುವುದು. ಅಂಟು ಮತ್ತು ಹೆಚ್ಚುವರಿ ಪಟಿಕ ಕಳಚಿಹೋಗಬೇಕು. ನಿಂತ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಕಳಚಿದ ವರ್ಣಬಂಧಕ ಬಟ್ಟೆಯ ಖಾಲಿ ಭಾಗಕ್ಕೆ ಅಂಟಿ ಮುಂದೆ ಕಲೆಯಾಗುತ್ತದೆ.

ಆರನೆಯದು, ಬಣ್ಣದ ತೊಟ್ಟಿ. ಮಂಜಿಷ್ಠದ ಬೇರಿನ ಪುಡಿ 300ರಿಂದ 500 ಗ್ರಾಂ ಹಾಕಿದ ನೀರಿನಲ್ಲಿ ಬಟ್ಟೆಯನ್ನು ಮುಳುಗಿಸಿ, ನಿಧಾನವಾಗಿ ಕಾಯಿಸುತ್ತಾ ಸತತವಾಗಿ ಮಗುಚಬೇಕು. ತಾಮ್ರ ಅಥವಾ ಸ್ಟೀಲ್ ಪಾತ್ರೆ ಬೇಕು. ಕಬ್ಬಿಣದ ಕಡಾಯಿ ಬಣ್ಣವನ್ನು ಕಪ್ಪಾಗಿಸುತ್ತದೆ. ಕೊನೆಗೆ ಮತ್ತೆ ತೊಳೆದು, ನೀರು ಚಿಮುಕಿಸುತ್ತಾ ಬಿಸಿಲಿನಲ್ಲಿ ಹರವಿದರೆ ಹಿನ್ನೆಲೆ ತಿಳಿಯಾಗುತ್ತದೆ.

ಈ ಕೆಲಸ ಬಿಸಿಲನ್ನು ಅವಲಂಬಿಸಿದೆ. ಮಳೆಗಾಲದ ತಿಂಗಳುಗಳಲ್ಲಿ ಮುದ್ರಣವನ್ನು ನಿಲ್ಲಿಸಿ, ಹೊಲಿಗೆ ಹಾಗೂ ಅಂಚುಕಟ್ಟುವ ಕೆಲಸಕ್ಕೆ ಆ ಅವಧಿಯನ್ನು ಮೀಸಲಿಡುವಂತೆ ವಾರ್ಷಿಕ ಯೋಜನೆ ಇರಬೇಕು.

3. ಊರಿನ ಸುತ್ತ ದೊರೆಯುವ ಬಣ್ಣಗಳು

ಅಳಲೆಕಾಯಿ ಕಬ್ಬಿಣದೊಂದಿಗೆ ಕಪ್ಪು ಅಥವಾ ಬೂದು ಬಣ್ಣ ಕೊಡುತ್ತದೆ. ದಾಳಿಂಬೆ ಸಿಪ್ಪೆ ಪಟಿಕದೊಂದಿಗೆ ಹಳದಿಯನ್ನೂ ಕಬ್ಬಿಣದೊಂದಿಗೆ ಹಸಿರುಮಿಶ್ರಿತ ಬೂದುಬಣ್ಣವನ್ನೂ ಕೊಡುತ್ತದೆ. ಹಣ್ಣಿನ ರಸದಂಗಡಿಗಳಲ್ಲಿ ಇದು ಕಸವಾಗಿ ಬೀಳುತ್ತದೆ. ಹಲಸಿನ ಮರದ ಹೊಟ್ಟಿನಿಂದ ಹಳದಿ, ಕಾಚಿನಿಂದ ಕಂದು ದೊರೆಯುತ್ತದೆ. ದೇವಸ್ಥಾನಗಳಲ್ಲಿ ಹಾಗೂ ಹಬ್ಬದ ನಂತರ ಉಳಿಯುವ ಚೆಂಡುಹೂವು ಪಟಿಕದೊಂದಿಗೆ ಹಳದಿ ಕೊಟ್ಟರೂ ಬಿಸಿಲಿಗೆ ಅದರ ತಾಳಿಕೆ ಮಧ್ಯಮ. ಅರಿಶಿನ, ಬೀಟ್‌ರೂಟ್ ಮತ್ತು ರಂಗುಮಾಲೆ ಬೀಜದ ಬಣ್ಣಗಳು ನೋಡಲು ಆಕರ್ಷಕವಾದರೂ ಬೇಗ ಮಾಸುತ್ತವೆ. ಮಾರಾಟದ ಬಟ್ಟೆಗೆ ಇವು ಸಲ್ಲವು. ಒಂದು ದಿನದ ಪ್ರಾತ್ಯಕ್ಷಿಕೆಗಳಲ್ಲಿ ಇವುಗಳೇ ಹೆಚ್ಚು ಮೆಚ್ಚುಗೆ ಗಳಿಸುವುದರಿಂದ ಸದಸ್ಯರು ಎಚ್ಚರ ವಹಿಸುವುದು ಸೂಕ್ತ.

ಮಲೆನಾಡಿನ ಪಂಚಾಯತಿಗಳಿಗೆ ಅಡಿಕೆಯ ಚೊಗರು ವಿಶೇಷ ಸಂಪನ್ಮೂಲ. ಹಸಿ ಅಡಿಕೆಯನ್ನು ಬೇಯಿಸಿದ ನೀರು ಗಟ್ಟಿಯಾಗಿ ಉಳಿಯುವ ಈ ವಸ್ತು ಒಗರನ್ನೂ ಕೆಂಗಂದು ಬಣ್ಣವನ್ನೂ ಒಟ್ಟಿಗೆ ಕೊಡುತ್ತದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ರಂಗಕರ್ಮಿ ಪ್ರಸನ್ನ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಚೊಗರಿನಂತಹ ಸಸ್ಯಜನ್ಯ ಬಣ್ಣಗಳನ್ನು ಬಳಸುತ್ತಾ ಬಂದಿದೆ. ಗ್ರಾಮೀಣ ಮಹಿಳೆಯರು ನೇಯ್ಗೆ, ಬಣ್ಣ ಮತ್ತು ಹೊಲಿಗೆಯನ್ನು ಒಂದೇ ಕಡೆ ನಡೆಸಬಲ್ಲರು ಎಂಬುದಕ್ಕೆ ಇದು ರಾಜ್ಯದೊಳಗಿನ ನಿದರ್ಶನ.

ನೀಲಿ ಬಣ್ಣದ ಮಾತು ಬೇರೆ. ನೀಲಿ ಗಿಡದ ಬಣ್ಣ ನೀರಿನಲ್ಲಿ ಕರಗುವುದಿಲ್ಲ; ಅದನ್ನು ತೊಟ್ಟಿಯಲ್ಲಿ ಹುಳಿಸಿ ಕರಗುವ ಸ್ಥಿತಿಗೆ ತಂದು, ಬಟ್ಟೆ ಅದ್ದಿ, ಗಾಳಿಗೆ ಹಿಡಿದಾಗ ನೀಲಿ ಮೂಡುತ್ತದೆ. ಅಚ್ಚಿನ ವಿನ್ಯಾಸ ಬೇಕಾದಲ್ಲಿ ಬಣ್ಣ ತಾಗಬಾರದ ಭಾಗಕ್ಕೆ ಜೇಡಿಮಣ್ಣು, ಸುಣ್ಣ ಮತ್ತು ಗೋಂದಿನ ಮಿಶ್ರಣವನ್ನು ಒತ್ತಿ ತಡೆಯುತ್ತಾರೆ. ಹೊಸದಾಗಿ ಕಲಿಯುವವರು ಮೊದಲ ವರ್ಷ ಕಪ್ಪು, ಕೆಂಗಂದು ಮತ್ತು ಹಳದಿಗಷ್ಟೇ ಸೀಮಿತಗೊಂಡು ನೀಲಿಯನ್ನು ನಂತರಕ್ಕೆ ಇಟ್ಟುಕೊಳ್ಳುವುದು ಲೇಸು.

4. ನೀರು: ಧಮಡ್ಕಾ ಗ್ರಾಮದ ಪಾಠ

ಕಛ್‌ನ ಧಮಡ್ಕಾ ಗ್ರಾಮ ತಲೆಮಾರುಗಳಿಂದ ಅಜ್ರಖ್ ಮುದ್ರಣಕ್ಕೆ ಹೆಸರಾದುದು. 2001ರ ಜನವರಿ 26ರ ಭೂಕಂಪದಲ್ಲಿ ಗ್ರಾಮ ಕುಸಿಯಿತು. ಮನೆಗಳನ್ನು ಮತ್ತೆ ಕಟ್ಟಬಹುದಿತ್ತು. ಆದರೆ ಭೂಕಂಪದ ನಂತರ ಅಲ್ಲಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ, ಬಣ್ಣದ ಕೆಲಸಕ್ಕೆ ನೀರು ಒಗ್ಗದಾಯಿತು. ಮುದ್ರಣಕಾರ ಖತ್ರಿ ಕುಟುಂಬಗಳಲ್ಲಿ ಹಲವು ಒಟ್ಟಾಗಿ ಭುಜ್ ಸಮೀಪ ಜಮೀನು ಪಡೆದು, ನೀರನ್ನು ನೋಡಿಕೊಂಡು ಹೊಸ ಊರನ್ನೇ ಕಟ್ಟಿದವು. ಕಸುಬಿನ ಹೆಸರಿನಲ್ಲೇ ಅದಕ್ಕೆ ಅಜ್ರಖ್‌ಪುರ ಎಂದು ಹೆಸರಾಯಿತು. ನುರಿತ ಕೈಗಳು, ಅಚ್ಚುಗಳು, ಕೊಳ್ಳುವವರು ಎಲ್ಲವೂ ಇದ್ದರೂ ನೀರು ಸರಿಯಿಲ್ಲದೆ ಕಸುಬು ನಡೆಯದು ಎಂಬುದನ್ನು ಈ ಘಟನೆ ಸ್ಪಷ್ಟಪಡಿಸುತ್ತದೆ.

ಕರ್ನಾಟಕದ ಅನೇಕ ಕೊಳವೆಬಾವಿಗಳ ನೀರು ಗಡಸು. ಕೆಲವೆಡೆ ಕಬ್ಬಿಣದ ಅಂಶವೂ ಇದೆ. ಆದುದರಿಂದ ತರಬೇತಿಗೆ ಮುನ್ನ ನೀರಿನ ಪರೀಕ್ಷೆ ಆಗಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಒದಗಿಸಲಾದ ಕ್ಷೇತ್ರ ಪರೀಕ್ಷಾ ಕಿಟ್‌ಗಳನ್ನು ಈ ಉದ್ದೇಶಕ್ಕೂ ಉಪಯೋಗಿಸಿಕೊಳ್ಳಬಹುದು. ಕಿಟ್ ಇಲ್ಲದಿದ್ದರೂ ಸರಳ ಪರೀಕ್ಷೆಯೊಂದಿದೆ: ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಬಟ್ಟೆಯ ತುಂಡನ್ನು ಆ ಕೊಳವೆಬಾವಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು. ತುಂಡು ಬೂದುಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಕಬ್ಬಿಣವಿದೆ. ಅಂತಹ ನೀರಿನಲ್ಲಿ ಕೆಂಪು ಮತ್ತು ಹಳದಿ ಬಣ್ಣಗಳು ಮಂಕಾಗುತ್ತವೆ. ಅಲ್ಲಿ ಚಾವಣಿಯ ಮಳೆನೀರಿನ ಸಂಗ್ರಹ ಪರಿಹಾರವಾಗಬಲ್ಲದು; ಅದೂ ಸಾಧ್ಯವಿಲ್ಲದಿದ್ದರೆ ಕಪ್ಪು ಮತ್ತು ಬೂದು ಬಣ್ಣಗಳಿಗೆ ಮಾತ್ರ ಸೀಮಿತಗೊಳ್ಳಬೇಕಾಗುತ್ತದೆ.

ನೀರಿನ ಪ್ರಮಾಣವೂ ಅಷ್ಟೇ ಮುಖ್ಯ. ಮೇಲೆ ವಿವರಿಸಿದ ಕ್ರಮದಲ್ಲಿ ಒಂದೇ ಬಟ್ಟೆ ಕನಿಷ್ಠ ಆರು ಬಾರಿ ನೀರು ಕಾಣುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಮೂಲಕ ಕುಡಿಯುವ ನೀರು ಪೂರೈಸುವ ಗ್ರಾಮದಲ್ಲಿ ಈ ಘಟಕ ಆರಂಭಿಸಿದರೆ, ಅದೇ ಮಹಿಳೆಯರು ಊರಿನ ಆಕ್ಷೇಪಣೆಗೆ ಗುರಿಯಾಗುತ್ತಾರೆ. ಅಂತಹ ಕಡೆ ಬೇರೆ ಕಸುಬನ್ನು ಆರಿಸುವುದೇ ಸರಿಯಾದ ನಿರ್ಣಯ.

5. ಬಳಸಿದ ನೀರು ಮತ್ತು ಕಾಡಿನ ಬೇರು

ಸಸ್ಯಜನ್ಯ ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದು ಭಾವಿಸುವುದು ತಪ್ಪು. ಪಟಿಕದ ನೀರು ಹುಳಿ ಗುಣದ್ದು. ಅದು ಕೆರೆಗೆ ನೇರವಾಗಿ ಸೇರಿದರೆ ಮೀನುಗಳಿಗೆ ಹಾನಿ. ಹೊಳಪು ಹೆಚ್ಚಿಸಲು ಕೆಲವರು ಮೈಲುತುತ್ತ ಅಥವಾ ಕ್ರೋಮಿಯಂ ಲವಣಗಳನ್ನು ವರ್ಣಬಂಧಕವಾಗಿ ಬಳಸುವುದುಂಟು. ಅಡಿಕೆ ತೋಟದ ಬೋರ್ಡೋ ದ್ರಾವಣದಿಂದ ಮೈಲುತುತ್ತ ರೈತರಿಗೆ ಪರಿಚಿತವೇ; ಅದು ನೀರಿನ ಜೀವಿಗಳಿಗೆ ವಿಷ. ಕ್ರೋಮಿಯಂ ಕೆಲಸ ಮಾಡುವವರ ಚರ್ಮಕ್ಕೂ ಶ್ವಾಸಕ್ಕೂ ಅಪಾಯಕಾರಿ. ಇವೆರಡನ್ನೂ ಬಳಸುವುದಿಲ್ಲ ಎಂಬ ಷರತ್ತನ್ನು ನಿರ್ಣಯದಲ್ಲಿಯೇ ನಮೂದಿಸಬೇಕು.

ಪಟಿಕ ಮತ್ತು ಕಬ್ಬಿಣದ ತೊಳೆನೀರಿಗೆ ಒಂದು ತಂಗುತೊಟ್ಟಿ ಸಾಕಾಗುತ್ತದೆ. ಸುಣ್ಣದ ತಿಳಿನೀರು ಸೇರಿಸಿದರೆ ಹುಳಿ ತಗ್ಗಿ ಗಷ್ಟು ಕೆಳಗೆ ಕೂರುತ್ತದೆ. ಮೇಲಿನ ನೀರನ್ನು ಇಂಗುಗುಂಡಿಗೆ ಬಿಡಬಹುದು. ಇಂಗುಗುಂಡಿ ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ ದೂರದಲ್ಲಿರಬೇಕು. ಬಣ್ಣ ಕಾಯಿಸಿದ ನಂತರ ಉಳಿಯುವ ಬೇರು ಸಿಪ್ಪೆಗಳ ಚರಟ ಗೊಬ್ಬರದ ಗುಂಡಿಗೆ ಸೇರಬಲ್ಲದು.

ಎರಡನೆಯ ಅಪಾಯ ಕಾಡಿಗೆ ಸಂಬಂಧಿಸಿದ್ದು. ಮಂಜಿಷ್ಠದ ಬಣ್ಣವಿರುವುದು ಬೇರಿನಲ್ಲಿ. ಬೇರು ಕಿತ್ತರೆ ಬಳ್ಳಿಯೇ ಹೋಗುತ್ತದೆ. ಒಂದು ಕಿಲೋ ಬಟ್ಟೆಗೆ ಅರ್ಧ ಕಿಲೋದವರೆಗೆ ಬೇರು ಬೇಕೆಂಬುದನ್ನು ನೆನೆದರೆ, ಕಾಡಿನಿಂದಲೇ ತರುವ ಪದ್ಧತಿ ಹೆಚ್ಚು ಕಾಲ ನಡೆಯದು ಎಂಬುದು ಸ್ಪಷ್ಟ. ಬೇರಿಗಿಂತ ಕಾಯಿ, ಸಿಪ್ಪೆ, ಹೂವು, ಹೊಟ್ಟು ಇವುಗಳನ್ನು ಆಧರಿಸಿದ ಬಣ್ಣಗಳಿಗೆ ಆದ್ಯತೆ ನೀಡಬೇಕು. ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಯಾವ ಬಣ್ಣದ ಸಸ್ಯ ಊರಿನಲ್ಲಿ ಎಷ್ಟಿದೆ ಎಂಬುದನ್ನು ಆ ಸಮಿತಿಯ ದಾಖಲಾತಿಯಿಂದ ತಿಳಿದು, ಸಾಮಾಜಿಕ ಅರಣ್ಯದ ನೆಡುತೋಪುಗಳಲ್ಲಿ ಅಳಲೆ, ಹಲಸು ಮುಂತಾದ ಮರಗಳನ್ನು ಸೇರಿಸಲು ಸೂಚಿಸಬಹುದು.

6. ಕಲಿಕೆಯ ಅವಧಿ ಮತ್ತು ಬಟ್ಟೆಯ ಪರೀಕ್ಷೆ

ಬಗರು, ಪೆಡನ, ಅಜ್ರಖ್‌ಪುರಗಳಲ್ಲಿ ಈ ಕಸುಬನ್ನು ಮಕ್ಕಳು ಮನೆಯಂಗಳದಲ್ಲೇ ನೋಡಿ ಕಲಿಯುತ್ತಾರೆ. ಅಂಟಿನ ಹದ, ತೊಟ್ಟಿಯ ಬಿಸಿ, ಬಿಸಿಲಿನ ಪ್ರಮಾಣ ಇವೆಲ್ಲ ಕೈಗೆ ಒಗ್ಗಲು ಕಾಲ ಬೇಕು. ಹತ್ತು ದಿನಗಳ ತರಬೇತಿ ಪರಿಚಯ ಮಾಡಿಕೊಡಬಲ್ಲದು, ಕಸುಬನ್ನು ಕೊಡಲಾರದು. ಆದುದರಿಂದ ತರಬೇತಿಯನ್ನು ಎರಡು ಭಾಗಗಳಾಗಿ ಯೋಜಿಸುವುದು ಒಳ್ಳೆಯದು: ಮೊದಲು ಮೂಲ ತರಬೇತಿ, ನಂತರ ಕೆಲವು ತಿಂಗಳ ಅಭ್ಯಾಸ, ಆ ಅವಧಿಯಲ್ಲಿ ತರಬೇತುದಾರರು ನಿಗದಿತ ದಿನಗಳಂದು ಮರಳಿ ಬಂದು ತಪ್ಪುಗಳನ್ನು ತಿದ್ದುವ ವ್ಯವಸ್ಥೆ. ಬೆಂಗಳೂರಿನ ನೇಕಾರರ ಸೇವಾ ಕೇಂದ್ರ ಬಣ್ಣ ಮತ್ತು ಮುದ್ರಣದ ತಾಂತ್ರಿಕ ನೆರವು ನೀಡುವ ಸಂಸ್ಥೆಗಳಲ್ಲಿ ಒಂದು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಗಳಿದ್ದಾರೆ. ಬಟ್ಟೆಗೆ ಬಣ್ಣ ಹಾಕುವವರು ಮತ್ತು ಅಚ್ಚೊತ್ತುವವರು ಇಲ್ಲ. ಆ ಯೋಜನೆಯಡಿ ನೆರವು ದೊರೆಯುವುದೆಂದು ಮುದ್ರಣ ಕಲಿಯಬಯಸುವವರಿಗೆ ಭರವಸೆ ನೀಡಬಾರದು.

ಅಭ್ಯಾಸದ ಅವಧಿಯಲ್ಲಿ ಪ್ರತಿ ಕಲಿಕಾರ್ಥಿಯೂ ಒಂದು ಮಾದರಿ ಪುಸ್ತಕ ಇಡಬೇಕು. ಅಂಗೈಯಗಲದ ಬಟ್ಟೆಯ ತುಂಡನ್ನು ಪುಟಕ್ಕೆ ಅಂಟಿಸಿ, ಯಾವ ನೀರು, ಎಷ್ಟು ಪಟಿಕ, ಎಷ್ಟು ದಿನ ಒಣಗಿದ್ದು, ಯಾವ ತಿಂಗಳು ಎಂಬುದನ್ನು ಬರೆದಿಡಬೇಕು. ಅದೇ ಬಣ್ಣವನ್ನು ಮತ್ತೆ ತರಲು ಇದೊಂದೇ ಆಧಾರ. ಐವತ್ತು ಶಾಲುಗಳ ಬೇಡಿಕೆ ಬಂದಾಗ ಐವತ್ತೂ ಒಂದೇ ಛಾಯೆಯಲ್ಲಿರಬೇಕಾಗುತ್ತದೆ.

ತರಬೇತಿಯ ಫಲವನ್ನು ಪ್ರಮಾಣಪತ್ರಗಳ ಸಂಖ್ಯೆಯಿಂದ ಅಳೆಯದೆ ಬಟ್ಟೆಯಿಂದಲೇ ಅಳೆಯಬೇಕು. ಪಂಚಾಯತಿ ಕಚೇರಿಯಲ್ಲಿಯೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಪ್ರತಿ ಬಣ್ಣದ ಮಾದರಿಯನ್ನು ಮೂರು ತುಂಡು ಮಾಡಬೇಕು. ಒಂದನ್ನು ಬೀರುವಿನಲ್ಲಿ ಇಡಬೇಕು. ಎರಡನೆಯದಕ್ಕೆ ಬಿಳಿ ಬಟ್ಟೆಯ ತುಂಡನ್ನು ಹೊಲಿದು ಮನೆಯಲ್ಲಿ ಬಳಸುವ ಸೋಪಿನಿಂದಲೇ ಐದು ಬಾರಿ ಒಗೆಯಬೇಕು. ಮೂರನೆಯದರ ಅರ್ಧಭಾಗಕ್ಕೆ ದಪ್ಪ ರಟ್ಟು ಕಟ್ಟಿ ಎರಡು ವಾರ ಬಿಸಿಲಿಗೆ ಇಡಬೇಕು. ನಂತರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಣ್ಣ ಎಷ್ಟು ಮಾಸಿದೆ, ಬಿಳಿ ಬಟ್ಟೆಗೆ ಎಷ್ಟು ಹತ್ತಿದೆ ಎಂಬುದು ಯಾರಿಗೂ ಕಾಣುತ್ತದೆ. ಹುಣಸೆ ನೀರಿನ ಒಂದು ಹನಿ ಹಾಕಿ ಬಣ್ಣ ತಿರುಗುವುದೇ ಎಂದೂ ನೋಡಬಹುದು. ದೊಡ್ಡ ಖರೀದಿದಾರರು ಪ್ರಯೋಗಾಲಯದ ವರದಿ ಕೇಳುತ್ತಾರೆ. ಅಲ್ಲಿ ಒಗೆತದ ತಾಳಿಕೆಯನ್ನು 1ರಿಂದ 5ರವರೆಗಿನ ಮಾಪಕದಲ್ಲಿ ಅಳೆಯಲಾಗುತ್ತದೆ, 5 ಅತ್ಯುತ್ತಮ.

7. ದುಡಿಮೆಯ ಲೆಕ್ಕ ಮತ್ತು ಪ್ರಾಮಾಣಿಕ ಮಾರಾಟ

10 ಸೆಂಟಿಮೀಟರ್ ಉದ್ದಗಲದ ಅಚ್ಚಿನಿಂದ 110 ಸೆಂಟಿಮೀಟರ್ ಪನ್ನದ ಒಂದು ಮೀಟರ್ ಬಟ್ಟೆಯನ್ನು ತುಂಬಿಸಲು 110 ಬಾರಿ ಒತ್ತಬೇಕು. ಎರಡು ಬಣ್ಣಗಳಿದ್ದರೆ 220. ಐದೂವರೆ ಮೀಟರ್ ಸೀರೆಗೆ 1,210. ಇದರ ಹಿಂದುಮುಂದೆ ಗಂಜಿ ತೆಗೆಯುವುದು, ಒಣಗಿಸುವುದು, ಕಾಯಿಸುವುದು, ತೊಳೆಯುವುದು, ಸೌದೆ ಹೊಂದಿಸುವುದು ಬೇರೆ. ಬೆಲೆ ನಿಗದಿಪಡಿಸುವಾಗ ಬಟ್ಟೆ ಮತ್ತು ಪಟಿಕದ ಖರ್ಚನ್ನಷ್ಟೇ ಲೆಕ್ಕ ಹಾಕಿ ದುಡಿಮೆಯನ್ನು ಬಿಟ್ಟರೆ, ಮಾರಾಟ ನಡೆದರೂ ಕೂಲಿ ಗಿಟ್ಟುವುದಿಲ್ಲ. ಯಂತ್ರಮುದ್ರಿತ ಬಟ್ಟೆಯೊಂದಿಗೆ ಬೆಲೆಯಲ್ಲಿ ಸ್ಪರ್ಧಿಸಲು ಈ ಕಸುಬಿಗೆ ಸಾಧ್ಯವಿಲ್ಲ. ವಿಶ್ವಾಸದಲ್ಲಿ ಮಾತ್ರ ಸಾಧ್ಯ.

1869ರಲ್ಲಿ ಮಂಜಿಷ್ಠದ ವರ್ಗದ ಬೇರಿನ ಕೆಂಪನ್ನು ಕಾರ್ಖಾನೆಯಲ್ಲಿ ತಯಾರಿಸಲು ಆರಂಭವಾಯಿತು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಅಲ್ಲಿಂದ ಸಸ್ಯಜನ್ಯ ಬಣ್ಣಗಳು ಹಿಂದೆ ಸರಿದವು. ಕೆಲವು ಅಜೋ ಬಣ್ಣಗಳಿಂದ ಕ್ಯಾನ್ಸರ್‌ಕಾರಕ ವಸ್ತುಗಳು ಬಿಡುಗಡೆಯಾಗುತ್ತವೆ ಎಂಬ ಕಾರಣಕ್ಕೆ 1990ರ ದಶಕದಲ್ಲಿ ಜರ್ಮನಿಯೂ ಭಾರತವೂ ಅವುಗಳನ್ನು ನಿಷೇಧಿಸಿದ ನಂತರ ಸಸ್ಯಜನ್ಯ ಬಣ್ಣಗಳತ್ತ ಗಮನ ಮರಳಿತು. ಇಂದು ಅನೇಕ ಮುದ್ರಣ ಕೇಂದ್ರಗಳಲ್ಲಿ ಬೇರಿನ ಬದಲು ಅಲಿಜರಿನ್ ಎಂಬ ಕೃತಕ ಪುಡಿಯನ್ನೇ ಬಳಸುತ್ತಾರೆ. ಅದನ್ನು ಬಳಸುವುದು ಅಪರಾಧವಲ್ಲ. ಬಳಸಿ ಸಸ್ಯಜನ್ಯ ಎಂದು ಚೀಟಿ ಅಂಟಿಸುವುದು ಕೊಳ್ಳುವವರಿಗೆ ಮಾಡುವ ವಂಚನೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ತಪ್ಪು ದಾರಿಗೆಳೆಯುವ ಜಾಹೀರಾತನ್ನು ದಂಡನಾರ್ಹವಾಗಿಸಿದೆ. ಒಂದು ಸಂಘದ ಮೇಲೆ ಬಂದ ಅಪನಂಬಿಕೆ ತಾಲ್ಲೂಕಿನ ಎಲ್ಲ ಸಂಘಗಳ ಮೇಲೂ ಬೀಳುತ್ತದೆ.

ಮೊದಲ ಖರೀದಿದಾರ ಪಂಚಾಯತಿಯೇ ಆಗಬಹುದು. ಸಭೆ ಸಮಾರಂಭಗಳಲ್ಲಿ ಹೊದಿಸುವ ಶಾಲು, ಕೊಡುವ ಕೈಚೀಲ ಇವುಗಳನ್ನು ಖರೀದಿ ನಿಯಮಗಳಿಗೆ ಒಳಪಟ್ಟು ಊರಿನ ಸಂಘದಿಂದಲೇ ಕೊಂಡರೆ, ಹೊಸ ಘಟಕಕ್ಕೆ ಸಣ್ಣದಾದರೂ ಖಚಿತವಾದ ಬೇಡಿಕೆ ದೊರೆಯುತ್ತದೆ. ಮಾಸಿದ ಬಣ್ಣದ ದೂರು ಬಂದರೂ ಅದು ಊರೊಳಗೇ ತಿಳಿದು, ತಿದ್ದಿಕೊಳ್ಳಲು ಅವಕಾಶವಾಗುತ್ತದೆ.

8. ನಿರ್ಣಯಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಒಂದು: ನೀರಿನ ಪರೀಕ್ಷೆ ಆಗಿದೆಯೇ? ಏಪ್ರಿಲ್-ಮೇ ತಿಂಗಳಲ್ಲಿಯೂ ನೀರು ಲಭ್ಯವೇ?

ಎರಡು: ಹತ್ತಿಗೆ ಗಂಜಿ ತೆಗೆಯುವುದು, ಒಗರು ಹಾಕುವುದು, ವರ್ಣಬಂಧಕ ಒತ್ತುವುದು ಇವು ಪಠ್ಯಕ್ರಮದಲ್ಲಿವೆಯೇ, ಅಥವಾ ಅಚ್ಚೊತ್ತುವುದನ್ನು ಮಾತ್ರ ಕಲಿಸಲಾಗುತ್ತದೆಯೇ?

ಮೂರು: ತರಬೇತುದಾರರು ತಂದ ಮಾದರಿಗಳನ್ನು ಐದು ಬಾರಿ ಒಗೆದು ನೋಡಲಾಗಿದೆಯೇ?

ನಾಲ್ಕು: ಮೈಲುತುತ್ತ ಮತ್ತು ಕ್ರೋಮಿಯಂ ಬಳಸುವುದಿಲ್ಲವೆಂದು ಲಿಖಿತವಾಗಿ ತಿಳಿಸಿದ್ದಾರೆಯೇ? ಕೈಗವಸು, ಗಾಳಿಯಾಡುವ ಒಲೆಮನೆ ಇದೆಯೇ?

ಐದು: ತೊಳೆನೀರಿಗೆ ತಂಗುತೊಟ್ಟಿ ಮತ್ತು ಇಂಗುಗುಂಡಿಯ ಸ್ಥಳ ಗುರುತಿಸಲಾಗಿದೆಯೇ?

ಆರು: ಕಚ್ಚಾವಸ್ತು ಎಲ್ಲಿಂದ? ಬೇರು ಆಧಾರಿತ ಬಣ್ಣವಾದರೆ ಬೆಳೆದದ್ದೇ, ಕಾಡಿನಿಂದ ಕಿತ್ತದ್ದೇ?

ಏಳು: ಮೂಲ ತರಬೇತಿಯ ನಂತರ ಮರುಭೇಟಿಗಳಿಗೆ ಅವಕಾಶವಿದೆಯೇ?

ಎಂಟು: ಅಭ್ಯಾಸ ಮುಗಿದು ಮಾದರಿಗಳು ಒಗೆತ ಮತ್ತು ಬಿಸಿಲಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗುವವರೆಗೆ ಸಂಘ ದೊಡ್ಡ ಸಾಲ ಪಡೆಯದಂತೆ ತಿಳಿವಳಿಕೆ ನೀಡಲಾಗಿದೆಯೇ?

ಈ ಪ್ರಶ್ನೆಗಳಲ್ಲಿ ಎಂಟನೆಯದು ಅತ್ಯಂತ ಮುಖ್ಯವಾದುದು. ಕಲಿಯುವಾಗ ಹಾಳಾಗುವ ಬಟ್ಟೆ ಅಂಗೈಯಗಲದ್ದಾಗಿದ್ದರೆ ಅದು ಕಲಿಕೆಯ ಖರ್ಚು; ನೂರು ಮೀಟರ್ ಆಗಿದ್ದರೆ ಅದು ಒಂದು ಕುಟುಂಬದ ಸಾಲ. ಮೊದಲನೆಯದಕ್ಕೆ ಹಣ ಒದಗಿಸಿ ಎರಡನೆಯದನ್ನು ತಪ್ಪಿಸುವ ರೀತಿಯಲ್ಲಿ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಈ ವಿಷಯವನ್ನು ಸೇರಿಸಿದಲ್ಲಿ, ಊರಿನ ಅಳಲೆಕಾಯಿ, ದಾಳಿಂಬೆ ಸಿಪ್ಪೆ ಮತ್ತು ಚೊಗರು ಸಂಘದ ಮಹಿಳೆಯರಿಗೆ ಸ್ಥಿರವಾದ ಆದಾಯವಾಗಿ ಪರಿಣಮಿಸಲು ಅವಕಾಶವಿದೆ. ಸದಸ್ಯರು ಮುಂದಿನ ಗ್ರಾಮ ಸಭೆಯಲ್ಲಿ ಈ ಬೇಡಿಕೆ ಬಂದಾಗ ಮೇಲಿನ ಅಂಶಗಳನ್ನು ಸಭೆಯ ಮುಂದಿಟ್ಟು, ಸಂಘದ ಸದಸ್ಯೆಯರೊಂದಿಗೆ ಚರ್ಚಿಸಿ, ನಂತರ ನಿರ್ಣಯ ಕೈಗೊಳ್ಳುವುದು ಅಪೇಕ್ಷಣೀಯ.